ಎಂಜಿನ್ನಿನೊಳಗಿನ ಬೆಂಕಿ: ಯುದ್ಧವಿಮಾನ ಹಾರುವ ಬಗೆ



ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ ನಿಮ್ಮಲ್ಲಿ ಹಲವರು ಶಾಲಾ ಪ್ರವಾಸದಲ್ಲಿ ಹೋಗಿರಬಹುದು. ಅಲ್ಲಿ ಪ್ರದರ್ಶನಕ್ಕಿಟ್ಟ ಯುದ್ಧವಿಮಾನವನ್ನೂ ನೋಡಿರಬಹುದು. ಅದರ ಹೆಸರು ಎಚ್.ಎಫ್.-24 ಮರುತ್. ಮರುತ್ ಎಂದರೆ ಗಾಳಿ. ಬೆಂಗಳೂರಿನಲ್ಲೇ ರೂಪುಗೊಂಡು, ಬೆಂಗಳೂರಿನಲ್ಲೇ ತಯಾರಾಗಿ, 1961ರ ಜೂನ್ 17ರಂದು ಬೆಂಗಳೂರಿನ ಆಕಾಶಕ್ಕೇ ಮೊದಲು ಏರಿದ ವಿಮಾನ ಅದು. ಶಬ್ದದ ವೇಗವನ್ನು ಬಹಳಷ್ಟು ಮೀರಿ ಹೋಗಬೇಕೆಂದು ಅದರ ಮೈಯನ್ನು ರೂಪಿಸಿದ್ದರು. ಆದರೆ ಆ ವೇಗವನ್ನು ಅದು ಎಂದೂ ಮುಟ್ಟಲಿಲ್ಲ. ಮೈ ಸಿದ್ಧವಿತ್ತು, ಅದಕ್ಕೆ ತಕ್ಕ ಎಂಜಿನ್ ಸಿಗಲಿಲ್ಲ.

ವಿಮಾನದ ಮೈಯನ್ನು ಕಟ್ಟಬಲ್ಲ ದೇಶ ಅದರ ಎಂಜಿನ್ನನ್ನು ಕಟ್ಟಲು ಏಕೆ ಅಷ್ಟು ಕಷ್ಟಪಡಬೇಕು? ಇದೇ ನಮ್ಮ ಇಂದಿನ ಪ್ರಶ್ನೆ. ಉತ್ತರ ಸಿಗಬೇಕಾದರೆ ಎಂಜಿನ್ನಿನ ಒಳಗೆ ಏನು ನಡೆಯುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ತೆರೆಯ ಮೇಲೆ ಚಿತ್ರ ಓಡಿಹೋಗುತ್ತದೆ. ಅಚ್ಚಿನ ಪುಟದಲ್ಲಿ ನಿಂತು ಲೆಕ್ಕ ಮಾಡಬಹುದು. ಆದ್ದರಿಂದ ಒಂದು ಪೆನ್ಸಿಲನ್ನು ಪಕ್ಕದಲ್ಲಿಟ್ಟುಕೊಂಡೇ ಓದಿ.

ಬಲೂನು ಹೇಳುವ ಪಾಠ

ಬಲೂನನ್ನು ಊದಿ, ಬಾಯಿ ಕಟ್ಟದೆ ಕೈಬಿಟ್ಟರೆ ಅದು ಕೋಣೆಯೆಲ್ಲ ಸುತ್ತುತ್ತದೆ. ಏಕೆ? ‘ಹೊರಬರುವ ಗಾಳಿ ಹಿಂದಿನ ಗಾಳಿಯನ್ನು ಒದೆಯುತ್ತದೆ, ಅದಕ್ಕೇ ಬಲೂನು ಮುಂದೆ ಹೋಗುತ್ತದೆ’ ಎಂದು ಹೇಳುವವರು ಬಹಳ ಮಂದಿ. ಇದು ತಪ್ಪು. ಹಾಗಿದ್ದರೆ ಗಾಳಿಯೇ ಇಲ್ಲದ ಬಾಹ್ಯಾಕಾಶದಲ್ಲಿ ರಾಕೆಟ್ ಚಲಿಸಲು ಸಾಧ್ಯವೇ ಆಗುತ್ತಿರಲಿಲ್ಲ.

ಬಾಯಿ ಕಟ್ಟಿದ ಬಲೂನಿನೊಳಗೆ ಗಾಳಿ ಎಲ್ಲ ದಿಕ್ಕಿಗೂ ಸಮನಾಗಿ ಒತ್ತುತ್ತದೆ. ಮುಂದಿನ ಗೋಡೆಯ ಮೇಲಿನ ಒತ್ತಡವನ್ನು ಹಿಂದಿನ ಗೋಡೆಯ ಮೇಲಿನ ಒತ್ತಡ ಸರಿದೂಗಿಸುತ್ತದೆ. ಬಾಯಿ ತೆರೆದ ಕೂಡಲೇ ಹಿಂದೆ ಒಂದಿಷ್ಟು ಗೋಡೆ ಇಲ್ಲದಂತಾಯಿತು. ಅಲ್ಲಿ ಒತ್ತಿಸಿಕೊಳ್ಳುವುದಕ್ಕೆ ಏನೂ ಇಲ್ಲ, ಮುಂದಿನ ಗೋಡೆಯ ಮೇಲೆ ಮಾತ್ರ ಒತ್ತಡ ಹಾಗೆಯೇ ಉಳಿದಿದೆ. ಈ ವ್ಯತ್ಯಾಸವೇ ಬಲೂನನ್ನು ಮುಂದಕ್ಕೆ ನೂಕುತ್ತದೆ. 1687ರಲ್ಲಿ ನ್ಯೂಟನ್ ಹೇಳಿದ ಮೂರನೆಯ ನಿಯಮ ಇದೇ: ಪ್ರತಿಯೊಂದು ಕ್ರಿಯೆಗೂ ಅದಕ್ಕೆ ಸಮನಾದ, ವಿರುದ್ಧ ದಿಕ್ಕಿನ ಪ್ರತಿಕ್ರಿಯೆ ಉಂಟು. ಬಲೂನು ಗಾಳಿಯನ್ನು ಹಿಂದಕ್ಕೆ ಎಸೆಯುತ್ತದೆ. ಗಾಳಿ ಬಲೂನನ್ನು ಮುಂದಕ್ಕೆ ನೂಕುತ್ತದೆ.

ಬಲೂನಿನ ಕಷ್ಟವೆಂದರೆ ಅದರ ಗಾಳಿ ಎರಡು ಮೂರು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಎದುರಿನಿಂದ ಗಾಳಿಯನ್ನು ಎಳೆದುಕೊಳ್ಳುತ್ತಾ, ಹಿಂದಿನಿಂದ ಅದಕ್ಕಿಂತ ಹೆಚ್ಚು ವೇಗದಲ್ಲಿ ಎಸೆಯುತ್ತಾ ಇರುವ, ಎಂದೂ ಬರಿದಾಗದ ಬಲೂನೊಂದನ್ನು ಕಲ್ಪಿಸಿಕೊಳ್ಳಿ. ಅದೇ ಜೆಟ್ ಎಂಜಿನ್.

ಹೀರು, ಹಿಸುಕು, ಉರಿಸು, ಉಗುಳು

ಈ ನಾಲ್ಕು ಮಾತು ನೆನಪಿದ್ದರೆ ಜೆಟ್ ಎಂಜಿನ್ನಿನ ಅರ್ಧ ಪಾಠ ಮುಗಿದಂತೆ. ಮುಂದಿನ ಬಾಯಿಯಿಂದ ಗಾಳಿಯನ್ನು ಹೀರಬೇಕು. ಅದನ್ನು ಹಿಸುಕಿ ಒತ್ತಡ ಏರಿಸಬೇಕು. ಆ ಗಾಳಿಯಲ್ಲಿ ಇಂಧನವನ್ನು ಉರಿಸಬೇಕು. ಬಿಸಿ ಅನಿಲವನ್ನು ಹಿಂದಕ್ಕೆ ಉಗುಳಬೇಕು.

ಉರಿಸುವುದು ಸರಿ, ಹಿಸುಕುವುದು ಏಕೆ? ಅಂಗಳದಲ್ಲಿ ಸೌದೆ ಉರಿದರೂ ಶಾಖ ಹುಟ್ಟುತ್ತದೆ, ಆದರೆ ಅದು ಯಾವುದನ್ನೂ ನೂಕುವುದಿಲ್ಲ. ಜೋಗದ ನೀರನ್ನು ನೆನೆಯಿರಿ. ಮೇಲಿನಿಂದ ಕೆಳಕ್ಕೆ ಬೀಳುವುದರಿಂದಲೇ ಅದು ವಿದ್ಯುದಾಗಾರದ ಚಕ್ರವನ್ನು ತಿರುಗಿಸುತ್ತದೆ. ಅಷ್ಟೇ ನೀರು ಸಮತಟ್ಟಾದ ಕೆರೆಯಲ್ಲಿದ್ದರೆ ಚಕ್ರ ತಿರುಗದು. ಅನಿಲಕ್ಕೆ ಒತ್ತಡವೇ ಎತ್ತರ. ಗಾಳಿಯನ್ನು ಹಿಸುಕುವುದೆಂದರೆ ಅದನ್ನು ಬೆಟ್ಟದ ಮೇಲಕ್ಕೆ ಏರಿಸಿದಂತೆ. ಅಲ್ಲಿ ಬೆಂಕಿ ಕೊಟ್ಟರೆ ಅದು ಹಿಗ್ಗುತ್ತದೆ. ಏರಿಸುವಾಗ ಒಂದು ಕೊಡವಾಗಿದ್ದದ್ದು ಇಳಿಯುವಾಗ ಎರಡು, ಮೂರು ಕೊಡವಾಯಿತು ಎಂದುಕೊಳ್ಳಿ. ಏರಿಸಲು ಖರ್ಚಾದ ಕೆಲಸವನ್ನು ಇಳಿಯುವ ಅನಿಲದಿಂದಲೇ ವಸೂಲು ಮಾಡಿಕೊಂಡರೂ ಇನ್ನೂ ಬಹಳಷ್ಟು ಉಳಿಯುತ್ತದೆ. ಆ ಉಳಿಕೆಯೇ ವಿಮಾನವನ್ನು ನೂಕುವ ಬಲ.

ಹಿಸುಕುವ ಕೆಲಸ ಕಂಪ್ರೆಸರಿನದು. ಮನೆಯ ಫ್ಯಾನಿನ ರೆಕ್ಕೆಗಳಿಗಿಂತ ಬಹಳ ಚಿಕ್ಕದಾದ ಹತ್ತಾರು ಅಲಗುಗಳನ್ನು ಸುತ್ತ ಜೋಡಿಸಿದ ಚಕ್ರಗಳು ಒಂದರ ಹಿಂದೊಂದು ಇರುತ್ತವೆ. ತಿರುಗುವ ಎರಡು ಚಕ್ರಗಳ ನಡುವೆ ತಿರುಗದ ಅಲಗುಗಳ ಒಂದು ಸಾಲು. ತಿರುಗುವ ಅಲಗು ಗಾಳಿಗೆ ವೇಗ ಕೊಡುತ್ತದೆ, ನಿಂತ ಅಲಗು ಆ ವೇಗವನ್ನು ಒತ್ತಡವಾಗಿ ಬದಲಿಸುತ್ತದೆ. ಒಂದೇ ಚಕ್ರದಲ್ಲಿ ಹೆಚ್ಚು ಹಿಸುಕಲು ಹೋದರೆ ಗಾಳಿ ತಿರುಗಿಬಿದ್ದು ಮುಂದಕ್ಕೇ ನುಗ್ಗಿಬಿಡುತ್ತದೆ, ಎಂಜಿನ್ ಫಿರಂಗಿಯಂತೆ ಸದ್ದು ಮಾಡಿ ನಡುಗುತ್ತದೆ. ಆದ್ದರಿಂದ ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾರೆ. ನಮ್ಮ ತೇಜಸ್ ವಿಮಾನದಲ್ಲಿರುವ ಎಫ್-404 ಎಂಜಿನ್ನಿನಲ್ಲಿ ಇಂಥ ಹತ್ತು ಮೆಟ್ಟಿಲುಗಳಿವೆ: ಮುಂದೆ ಮೂರು, ಹಿಂದೆ ಏಳು. ಕೊನೆಯ ಮೆಟ್ಟಿಲಿಗೆ ಬರುವಾಗ ಒತ್ತಡ ಸುಮಾರು 26 ಪಟ್ಟು ಹೆಚ್ಚಿರುತ್ತದೆ. ಸೈಕಲ್ಲಿಗೆ ಗಾಳಿ ಹೊಡೆದಾಗ ಪಂಪಿನ ಬುಡ ಬಿಸಿಯಾಗುವುದನ್ನು ಮುಟ್ಟಿ ನೋಡಿದ್ದೀರಿ. ಇಲ್ಲಿಯೂ ಹಾಗೆಯೇ. ಬೆಂಕಿ ತಗಲುವ ಮೊದಲೇ ಗಾಳಿಯ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಬಂದಿರುತ್ತದೆ.

ಮುಂದಿನದು ದಹನಕೋಷ್ಠ. ಜೆಟ್ ಎಂಜಿನ್ನಿನ ಇಂಧನ ಸೀಮೆಎಣ್ಣೆಯ ಜಾತಿಯದೇ. ಪಂಪ್ ಸ್ಟೌವಿನ ಕಾಲದವರಾದ ನಿಮ್ಮ ಅಜ್ಜಿಯನ್ನು ಕೇಳಿ: ಬುಡ್ಡಿಯಲ್ಲಿ ಮಂದವಾಗಿ ಉರಿಯುವ ಅದೇ ಸೀಮೆಎಣ್ಣೆ ಒತ್ತಡ ಕೊಟ್ಟು ಸಣ್ಣ ರಂಧ್ರದಿಂದ ಚಿಮ್ಮಿಸಿದಾಗ ನೀಲಿಯಾಗಿ ಭೋರ್ಗರೆಯುತ್ತದೆ. ಆದರೆ ಎಂಜಿನ್ನಿನೊಳಗೆ ಗಾಳಿಯ ರಭಸ ಬಿರುಗಾಳಿಗಿಂತಲೂ ಹೆಚ್ಚು. ಅಲ್ಲಿ ದೀಪ ಆರದೆ ಉಳಿಯುವುದು ಹೇಗೆ? ಗಾಳಿಯಲ್ಲಿ ಹಣತೆ ಹಿಡಿದು ಹೋಗುವಾಗ ನಾವು ಅಂಗೈ ಅಡ್ಡ ಹಿಡಿಯುತ್ತೇವಲ್ಲ, ಅದೇ ಉಪಾಯ. ಗಾಳಿಯಲ್ಲಿ ಸ್ವಲ್ಪ ಭಾಗವನ್ನು ಮಾತ್ರ ಸುಳಿಸುಳಿಯಾಗಿ ತಿರುಗಿಸಿ, ನಿಧಾನಗೊಳಿಸಿ, ಮರೆಯಲ್ಲಿ ಜ್ವಾಲೆಯನ್ನು ಉಳಿಸುತ್ತಾರೆ. ಉಳಿದ ಗಾಳಿ ಕೋಷ್ಠದ ಗೋಡೆಯ ರಂಧ್ರಗಳಿಂದ ಆಮೇಲೆ ಒಳಗೆ ಬಂದು ಬೆರೆಯುತ್ತದೆ.

ಉರಿದ ಅನಿಲ ಹೊರಹೋಗುವ ದಾರಿಯಲ್ಲಿ ಟರ್ಬೈನ್ ಎಂಬ ಚಕ್ರಗಳನ್ನು ತಿರುಗಿಸುತ್ತದೆ. ಟರ್ಬೈನ್ ಮತ್ತು ಕಂಪ್ರೆಸರ್ ಒಂದೇ ದಂಡದ ಎರಡು ತುದಿಗಳಲ್ಲಿವೆ. ಹಿಂದಿನದು ತಿರುಗಿದರೆ ಮುಂದಿನದೂ ತಿರುಗುತ್ತದೆ. ಕಂಪ್ರೆಸರ್ ಕೇಳುವ ಶಕ್ತಿ ಸಣ್ಣದಲ್ಲ. ಎಫ್-404ರಂಥ ಎಂಜಿನ್ನಿನಲ್ಲಿ ಅದು 20 ಮೆಗಾವಾಟ್‌ಗೂ ಹೆಚ್ಚು. ಒಂದು ಸಣ್ಣ ಪಟ್ಟಣಕ್ಕೆ ಸಾಕಾಗುವಷ್ಟು. ಅಷ್ಟನ್ನು ಕೊಟ್ಟ ಮೇಲೂ ಉಳಿದ ಶಕ್ತಿಯಿಂದ ಅನಿಲ ಹಿಂದಿನ ಕೊಳವೆಯ ಮೂಲಕ ಚಿಮ್ಮುತ್ತದೆ.

ಒಂದು ಲೆಕ್ಕ

ಈಗ ಪೆನ್ಸಿಲ್ ತೆಗೆದುಕೊಳ್ಳಿ. ತೇಜಸ್‌ನ ಎಂಜಿನ್ ಪೂರ್ಣ ವೇಗದಲ್ಲಿ ಸೆಕೆಂಡಿಗೆ ಸುಮಾರು 65 ಕಿಲೋಗ್ರಾಂ ಗಾಳಿಯನ್ನು ನುಂಗುತ್ತದೆ. ಒಂದು ಘನಮೀಟರ್ ಗಾಳಿಯ ತೂಕ ಸುಮಾರು 1.2 ಕಿಲೋಗ್ರಾಂ. ಅಂದರೆ ಸೆಕೆಂಡಿಗೆ 54 ಘನಮೀಟರ್. ಆರು ಮೀಟರ್ ಉದ್ದ, ಆರು ಮೀಟರ್ ಅಗಲ, ಮೂರು ಮೀಟರ್ ಎತ್ತರದ ನಿಮ್ಮ ತರಗತಿಯ ಕೋಣೆಯಲ್ಲಿರುವ ಅಷ್ಟೂ ಗಾಳಿ ಎರಡು ಸೆಕೆಂಡಿನಲ್ಲಿ ಖಾಲಿ!

ಆ ಗಾಳಿಯನ್ನು ಎಂಜಿನ್ ಸೆಕೆಂಡಿಗೆ 800 ಮೀಟರ್ ವೇಗದಲ್ಲಿ ಹಿಂದಕ್ಕೆ ಎಸೆಯುತ್ತದೆ ಎಂದಿಟ್ಟುಕೊಳ್ಳಿ. ನೂಕುಬಲವೆಂದರೆ ಸೆಕೆಂಡಿಗೆ ಎಸೆದ ದ್ರವ್ಯರಾಶಿಯನ್ನು ಅದಕ್ಕೆ ಸಿಕ್ಕ ಹೆಚ್ಚಿನ ವೇಗದಿಂದ ಗುಣಿಸಿದ್ದು. 65ನ್ನು 800ರಿಂದ ಗುಣಿಸಿದರೆ 52,000 ನ್ಯೂಟನ್, ಅಂದರೆ 52 ಕಿಲೋನ್ಯೂಟನ್. ಸುಮಾರು ಐದೂಕಾಲು ಟನ್ ಭಾರವನ್ನು ಎತ್ತಿ ಹಿಡಿಯಬಲ್ಲ ಬಲ. ಎಂಜಿನ್ನಿನ ಸ್ವಂತ ತೂಕ ಒಂದು ಟನ್ನಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ನಿಂತ ವಿಮಾನಕ್ಕೆ ಮಾಡಿದ ಸರಳ ಲೆಕ್ಕ ಇದು. ವಿಮಾನ ಓಡುತ್ತಿರುವಾಗ ಗಾಳಿ ಒಳಬರುವಾಗಲೇ ಇದ್ದ ವೇಗವನ್ನು 800ರಿಂದ ಕಳೆಯಬೇಕು.

ಇದೇ ಸೂತ್ರದಿಂದ ಇನ್ನೊಂದು ಸಂಗತಿಯೂ ತಿಳಿಯುತ್ತದೆ. ನೂಕುಬಲ ಹೆಚ್ಚಿಸಲು ಎರಡು ದಾರಿ: ಹೆಚ್ಚು ಗಾಳಿಯನ್ನು ನಿಧಾನವಾಗಿ ಎಸೆಯುವುದು, ಇಲ್ಲವೇ ಕಡಿಮೆ ಗಾಳಿಯನ್ನು ವೇಗವಾಗಿ ಎಸೆಯುವುದು. ಮೊದಲನೆಯದರಲ್ಲಿ ಇಂಧನ ಉಳಿಯುತ್ತದೆ. ಪ್ರಯಾಣಿಕ ವಿಮಾನದ ಎಂಜಿನ್ನಿಗೆ ಆಳೆತ್ತರವನ್ನೂ ಮೀರಿದ ಬಾಯಿ ಇರುವುದು ಇದಕ್ಕೇ. ಯುದ್ಧವಿಮಾನ ಕಿರಿದಾಗಿರಬೇಕು, ವೇಗವಾಗಿರಬೇಕು. ಆದ್ದರಿಂದ ಅದು ಎರಡನೆಯ ದಾರಿ ಹಿಡಿಯುತ್ತದೆ.

ಬಾಲದ ಬೆಂಕಿ

ಯಲಹಂಕದ ವೈಮಾನಿಕ ಪ್ರದರ್ಶನದಲ್ಲಿ ಯುದ್ಧವಿಮಾನ ಮೇಲೇರುವಾಗ ಅದರ ಬಾಲದಲ್ಲಿ ಉದ್ದನೆಯ ಕಿತ್ತಳೆ ಬಣ್ಣದ ಜ್ವಾಲೆ ಕಾಣುತ್ತದೆ, ಎದೆ ನಡುಗುವಂಥ ಸದ್ದಾಗುತ್ತದೆ. ಇದು ಆಫ್ಟರ್‌ಬರ್ನರ್. ದಹನಕೋಷ್ಠದಲ್ಲಿ ಗಾಳಿಯ ಆಮ್ಲಜನಕವೆಲ್ಲ ಖರ್ಚಾಗಿರುವುದಿಲ್ಲ, ಬಹುಪಾಲು ಉಳಿದೇ ಇರುತ್ತದೆ. ಎಲ್ಲವನ್ನೂ ಅಲ್ಲೇ ಉರಿಸಿದರೆ ಟರ್ಬೈನ್ ಕರಗಿಹೋದೀತು. ಆದ್ದರಿಂದ ಟರ್ಬೈನನ್ನು ದಾಟಿದ ಮೇಲೆ, ಹಿಂದಿನ ಕೊಳವೆಯಲ್ಲಿ, ಇನ್ನೊಮ್ಮೆ ಇಂಧನ ಚಿಮ್ಮಿಸಿ ಉರಿಸುತ್ತಾರೆ. ಅಲ್ಲಿ ಕೆಡುವುದಕ್ಕೆ ತಿರುಗುವ ಚಕ್ರಗಳಿಲ್ಲ. ಅನಿಲದ ವೇಗ ಇನ್ನೂ ಏರುತ್ತದೆ. ಎಫ್-404ರ ನೂಕುಬಲ ಸುಮಾರು 84 ಕಿಲೋನ್ಯೂಟನ್ ಆಗುತ್ತದೆ.

ಬೆಲೆಯೇನು? ನೂಕುಬಲ ಒಂದೂವರೆ ಪಟ್ಟಾದರೆ ಇಂಧನದ ಖರ್ಚು ಮೂರು ಪಟ್ಟಿಗೂ ಹೆಚ್ಚು. ನೆಲದ ಮಟ್ಟದಲ್ಲಿ ಇದನ್ನು ಹಚ್ಚಿಯೇ ಇಟ್ಟರೆ ತೇಜಸ್‌ನ ಒಡಲಿನಲ್ಲಿರುವ ಇಂಧನ ಸುಮಾರು ಹತ್ತು ನಿಮಿಷದಲ್ಲಿ ಮುಗಿದುಹೋಗುತ್ತದೆ. ಆದ್ದರಿಂದ ನೆಲ ಬಿಡುವಾಗ, ಶಬ್ದದ ವೇಗ ದಾಟುವಾಗ, ಅಪಾಯದಿಂದ ತಪ್ಪಿಸಿಕೊಳ್ಳುವಾಗ ಮಾತ್ರ ಪೈಲಟ್ ಇದನ್ನು ಬಳಸುತ್ತಾನೆ. ಈ ಬಾಲದ ಬೆಂಕಿಯನ್ನು ನೆನಪಿಡಿ. ಮರುತ್‌ನ ಕಥೆ ಇದರ ಸುತ್ತಲೇ ಇದೆ.

ಯುದ್ಧವಿಮಾನದ ಮೈಕಟ್ಟು

ರೆಕ್ಕೆಯ ಕೆಲಸ ಗಾಳಿಯನ್ನು ಕೆಳಕ್ಕೆ ತಳ್ಳುವುದು. ಗಾಳಿ ರೆಕ್ಕೆಯನ್ನು ಮೇಲಕ್ಕೆ ತಳ್ಳುತ್ತದೆ. ಇಲ್ಲಿಯೂ ನ್ಯೂಟನ್ನನೇ. ಇಷ್ಟು ಎಲ್ಲ ವಿಮಾನಗಳಿಗೂ ಸಮಾನ. ಯುದ್ಧವಿಮಾನಕ್ಕೆ ಇನ್ನೆರಡು ವಿಶೇಷ ಬೇಡಿಕೆಗಳಿವೆ: ಶಬ್ದಕ್ಕಿಂತ ವೇಗವಾಗಿ ಹೋಗಬೇಕು, ಥಟ್ಟನೆ ತಿರುಗಬೇಕು.

ನೆಲದ ಹತ್ತಿರ ಶಬ್ದದ ವೇಗ ಗಂಟೆಗೆ ಸುಮಾರು 1,225 ಕಿಲೋಮೀಟರ್. ಹನ್ನೊಂದು ಕಿಲೋಮೀಟರ್ ಮೇಲೆ, ಚಳಿ ಹೆಚ್ಚಿರುವಲ್ಲಿ, ಅದು 1,062ಕ್ಕೆ ಇಳಿಯುತ್ತದೆ. ವಿಮಾನ ಬರುತ್ತಿದೆ ಎಂಬ ಸುದ್ದಿ ಮುಂದಿನ ಗಾಳಿಗೆ ತಲುಪುವುದು ಶಬ್ದದ ವೇಗದಲ್ಲೇ. ವಿಮಾನವೇ ಸುದ್ದಿಗಿಂತ ಮೊದಲು ಬಂದರೆ ಗಾಳಿಗೆ ಸರಿದುಕೊಳ್ಳಲು ವೇಳೆಯಿಲ್ಲ. ವೇಗದ ದೋಣಿಯ ಮೂತಿಯಿಂದ ಎರಡು ಕಡೆಗೂ ಚಾಚುವ ಅಲೆಯಂತೆ, ವಿಮಾನದ ಮೂತಿಯಿಂದ ಆಘಾತ ತರಂಗ ಹೊರಡುತ್ತದೆ. ಅದನ್ನು ಎದುರಿಸಲು ಮೂತಿ ಚೂಪಾಗಿರಬೇಕು, ರೆಕ್ಕೆ ತೆಳ್ಳಗಿದ್ದು ಹಿಂದಕ್ಕೆ ಬಾಗಿರಬೇಕು. ತೇಜಸ್‌ನ ರೆಕ್ಕೆ ತ್ರಿಕೋಣಾಕಾರದಲ್ಲಿರುವುದಕ್ಕೆ ಇದೊಂದು ಕಾರಣ. ಎಂಜಿನ್ನಿನ ಕಂಪ್ರೆಸರಿಗೆ ಮಾತ್ರ ಶಬ್ದವೇಗದ ಗಾಳಿ ಒಗ್ಗದು. ವಿಮಾನ ಎಷ್ಟೇ ವೇಗದಲ್ಲಿರಲಿ, ಗಾಳಿಯನ್ನು ಬಾಯಿಯಲ್ಲೇ ನಿಧಾನಗೊಳಿಸಿ ಒಳಗೆ ಬಿಡಬೇಕು. 2025ರ ಸೆಪ್ಟೆಂಬರ್‌ನಲ್ಲಿ ನಮ್ಮ ವಾಯುಪಡೆಯಿಂದ ನಿವೃತ್ತವಾದ ಮಿಗ್-21ರ ಬಾಯಿಯಲ್ಲಿದ್ದ ಚೂಪು ಶಂಕು ಈ ಕೆಲಸಕ್ಕಾಗಿಯೇ ಇತ್ತು.

ಥಟ್ಟನೆ ತಿರುಗುವ ಗುಣ ಬೇಕಾದರೆ ವಿಮಾನ ಸ್ವಲ್ಪ ಅಸ್ಥಿರವಾಗಿರಬೇಕು. ಅಂಗೈ ಮೇಲೆ ನಿಲ್ಲಿಸಿದ ಕೋಲು ಯಾವ ಕಡೆಗಾದರೂ ಬೇಗ ವಾಲುತ್ತದೆ. ನೆಲದ ಮೇಲೆ ಮಲಗಿಸಿದ ಕೋಲು ವಾಲುವುದಿಲ್ಲ. ತೇಜಸ್ ಅಂಗೈ ಮೇಲಿನ ಕೋಲಿನ ಹಾಗೆ. ಯಾವ ಮನುಷ್ಯನ ಕೈಯೂ ಅದನ್ನು ಅಷ್ಟು ಬೇಗ ಬೇಗ ಸರಿಪಡಿಸಲಾರದು. ಅದಕ್ಕಾಗಿ ಗಣಕವಿದೆ. ಪೈಲಟ್ ಹಿಡಿಕೋಲನ್ನು ಬಾಗಿಸಿದಾಗ ಅವನ ಇಚ್ಛೆ ವಿದ್ಯುತ್ ಸಂಕೇತವಾಗಿ ಗಣಕಕ್ಕೆ ಹೋಗುತ್ತದೆ. ರೆಕ್ಕೆಯ ಪಟ್ಟಿಗಳನ್ನು ಎಷ್ಟು ತಿರುಗಿಸಬೇಕೆಂದು ಗಣಕ ನಿರ್ಧರಿಸುತ್ತದೆ. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ನಾಲ್ಕು ಸಮಾನಾಂತರ ವ್ಯವಸ್ಥೆಗಳಿವೆ. 1998ರ ಪೋಖ್ರಾನ್ ಪರೀಕ್ಷೆಯ ನಂತರ ಅಮೆರಿಕ ನಿರ್ಬಂಧ ಹೇರಿತು. ಈ ಕೆಲಸಕ್ಕಾಗಿ ಅಲ್ಲಿಗೆ ಹೋಗಿದ್ದ ನಮ್ಮ ಎಂಜಿನಿಯರುಗಳು ಮರಳಬೇಕಾಯಿತು. ಅವರು ಬೆಂಗಳೂರಿನಲ್ಲೇ ಕುಳಿತು ಅದನ್ನು ಮುಗಿಸಿದರು. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್ ಅವರು ಮೊದಲ ಹಾರಾಟ ನಡೆಸಿದರು.

ತಿರುವಿನಲ್ಲಿ ಪೈಲಟ್‌ನ ಮೈಗೆ ಏನಾಗುತ್ತದೆ ಎಂಬುದನ್ನೂ ಯೋಚಿಸಿ. ತೇಜಸ್ ಗುರುತ್ವದ ಎಂಟು ಪಟ್ಟಿನವರೆಗೆ ತಾಳುತ್ತದೆ. ಶಿರಸ್ತ್ರಾಣವೂ ಸೇರಿ ಐದಾರು ಕಿಲೋ ಇರುವ ತಲೆ ಆಗ ನಲವತ್ತು ಕಿಲೋ ಮೀರುತ್ತದೆ. ರಕ್ತ ಕಾಲಿನ ಕಡೆಗೆ ಇಳಿದು ಕಣ್ಣು ಮಂಜಾಗುತ್ತದೆ. ಅದನ್ನು ತಡೆಯಲು ತೊಡೆ, ಹೊಟ್ಟೆಗಳನ್ನು ಒತ್ತಿ ಹಿಡಿಯುವ, ಗಾಳಿ ತುಂಬಿಕೊಳ್ಳುವ ಉಡುಪನ್ನು ಪೈಲಟ್ ತೊಡುತ್ತಾನೆ.

ಐದು ಪೌಂಡಿನ ಪೇಟೆಂಟ್

ಜೆಟ್ ಎಂಜಿನ್ನಿನ ತತ್ವ ಇಷ್ಟು ಸರಳವಾಗಿದ್ದರೆ ಅದು ಹುಟ್ಟಲು 20ನೆಯ ಶತಮಾನ ಅರ್ಧದ ಹತ್ತಿರ ಬರುವವರೆಗೆ ಏಕೆ ಕಾಯಬೇಕಾಯಿತು? ಬ್ರಿಟಿಷ್ ವಾಯುಪಡೆಯ ತರುಣ ಅಧಿಕಾರಿ ಫ್ರಾಂಕ್ ವ್ಹಿಟಲ್ 1930ರ ಜನವರಿಯಲ್ಲಿ, ತನ್ನ 22ನೆಯ ವಯಸ್ಸಿನಲ್ಲಿ, ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದ. ಸರಕಾರದ ವಾಯು ಸಚಿವಾಲಯಕ್ಕೆ ಅದು ಆಗದ ಕೆಲಸವೆಂದು ತೋರಿತು. ಅಷ್ಟು ಬಿಸಿಯನ್ನೂ ಅಷ್ಟು ವೇಗವನ್ನೂ ಒಟ್ಟಿಗೆ ತಾಳುವ ಲೋಹವೇ ಆಗ ಇರಲಿಲ್ಲ. 1935ರಲ್ಲಿ ಪೇಟೆಂಟ್ ನವೀಕರಿಸಲು ಐದು ಪೌಂಡ್ ಕಟ್ಟಬೇಕಿತ್ತು. ವ್ಹಿಟಲ್ ಬಳಿ ಅಷ್ಟು ಹಣವಿರಲಿಲ್ಲ, ಸರಕಾರವೂ ಕಟ್ಟಲಿಲ್ಲ. ಪೇಟೆಂಟ್ ರದ್ದಾಯಿತು. ಆದರೂ ಅವನು ಬಿಡಲಿಲ್ಲ. 1937ರ ಏಪ್ರಿಲ್‌ನಲ್ಲಿ ಅವನ ಎಂಜಿನ್ ಮೊದಲು ತಿರುಗಿತು. 1941ರ ಮೇ 15ರಂದು ಅದನ್ನು ಹೊತ್ತ ವಿಮಾನ ಹಾರಿತು. ಅಷ್ಟರಲ್ಲಿ ಜರ್ಮನಿಯಲ್ಲಿ ಹಾನ್ಸ್ ಫಾನ್ ಒಹೈನ್ ಸ್ವತಂತ್ರವಾಗಿ ರೂಪಿಸಿದ ಎಂಜಿನ್ 1939ರ ಆಗಸ್ಟ್ 27ರಂದೇ ಆಕಾಶಕ್ಕೇರಿ ಜಗತ್ತಿನ ಮೊದಲ ಜೆಟ್ ಹಾರಾಟವೆನಿಸಿತ್ತು.

ಎರಡನೆಯ ಮಹಾಯುದ್ಧದ ಕೊನೆಗೆ ಜರ್ಮನಿ ಜೆಟ್ ಯುದ್ಧವಿಮಾನವನ್ನು ರಣರಂಗಕ್ಕೂ ಇಳಿಸಿತು. ಆದರೆ ಅಲ್ಲಿ ನಿಕ್ಕಲ್, ಕ್ರೋಮಿಯಂಗಳ ಕೊರತೆ ಇತ್ತು. ಕಡಿಮೆ ದರ್ಜೆಯ ಉಕ್ಕಿನಿಂದ ಮಾಡಿದ ಆ ಎಂಜಿನ್ನುಗಳ ಆಯುಸ್ಸು ಹೆಚ್ಚೆಂದರೆ ಇಪ್ಪತ್ತೈದು ಗಂಟೆ. ಇಂದಿನವು ಸಾವಿರಾರು ಗಂಟೆ ಬಾಳುತ್ತವೆ. ತತ್ವ ಅದೇ, ಬದಲಾದದ್ದು ಲೋಹ.

ಕರಗಬೇಕಾದದ್ದು ಕರಗದಿರುವ ಬಗೆ

ಟರ್ಬೈನ್ ಅಲಗಿನ ಕಷ್ಟವನ್ನು ನೋಡಿ. ಅದು ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು. 100 ಗ್ರಾಂ ತೂಕದ ಅಲಗೊಂದು ಅಚ್ಚಿನಿಂದ 30 ಸೆಂಟಿಮೀಟರ್ ದೂರದಲ್ಲಿ ನಿಮಿಷಕ್ಕೆ 15,000 ಸುತ್ತು ತಿರುಗಿದರೆ, ಅದನ್ನು ಹೊರಕ್ಕೆ ಕೀಳುವ ಬಲ ಎಷ್ಟು? ಪಿ.ಯು.ಸಿ. ವಿದ್ಯಾರ್ಥಿಗಳು ವೃತ್ತೀಯ ಚಲನೆಯ ಸೂತ್ರದಿಂದ ಲೆಕ್ಕ ಮಾಡಬಹುದು. ಉತ್ತರ ಏಳು ಟನ್ನಿಗೂ ಹೆಚ್ಚು. ಒಂದು ಚಿಕ್ಕ ಅಲಗಿಗೆ ಸರಕು ತುಂಬಿದ ಲಾರಿಯನ್ನು ನೇತುಹಾಕಿದಂತೆ. ಅದೂ ಎಲ್ಲಿ? ಕುಲುಮೆಯೊಳಗೆ. ಹೊಸ ಯುದ್ಧವಿಮಾನಗಳಲ್ಲಿ ಟರ್ಬೈನಿಗೆ ಬಡಿಯುವ ಅನಿಲದ ಉಷ್ಣತೆ 1,500 ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತದೆ. ಅಲಗು ನಿಕ್ಕಲ್ ಮಿಶ್ರಲೋಹದ್ದು. ಶುದ್ಧ ನಿಕ್ಕಲ್ ಕರಗುವುದು 1,455 ಡಿಗ್ರಿಗೆ. ಅಂದರೆ ಸುತ್ತಲಿನ ಬೆಂಕಿ ಲೋಹದ ಕರಗುವ ಬಿಂದುವಿಗಿಂತ ಬಿಸಿ! ಕರಗುವ ಮಾತಿರಲಿ, ಬಿಸಿಯಲ್ಲಿ ಸದಾ ಎಳೆತಕ್ಕೆ ಸಿಕ್ಕ ಲೋಹ ದಿನದಿನಕ್ಕೂ ಕೂದಲೆಳೆಯಷ್ಟು ಉದ್ದವಾಗುತ್ತಾ ಹೋಗುತ್ತದೆ. ಕೊನೆಗೊಂದು ದಿನ ಸುತ್ತಲಿನ ಕವಚಕ್ಕೆ ಉಜ್ಜುತ್ತದೆ, ಇಲ್ಲವೇ ಮುರಿಯುತ್ತದೆ.

ಇದಕ್ಕೆ ಮೂರು ಉಪಾಯಗಳಿವೆ. ಮೊದಲನೆಯದು, ಅಲಗನ್ನು ಪೊಳ್ಳಾಗಿ ಮಾಡಿ ಅದರೊಳಗೆ ಕಂಪ್ರೆಸರಿನ ಗಾಳಿಯನ್ನು ಹರಿಸುವುದು. ಆ ಗಾಳಿಯೂ ನೂರಾರು ಡಿಗ್ರಿ ಬಿಸಿಯೇ; ಆದರೆ ಈ ಕುಲುಮೆಗೆ ಅದೇ ತಣ್ಣೀರು. ಅಲಗಿನ ಮೈಮೇಲಿನ ಸಣ್ಣ ಸಣ್ಣ ರಂಧ್ರಗಳಿಂದ ಅದು ಹೊರಬಂದು ಲೋಹಕ್ಕೂ ಬೆಂಕಿಗೂ ನಡುವೆ ತೆಳುವಾದ ಪರದೆಯಂತೆ ನಿಲ್ಲುತ್ತದೆ. ಎರಡನೆಯದು, ಶಾಖವನ್ನು ತಡೆಯುವ ಪಿಂಗಾಣಿ ಜಾತಿಯ ಲೇಪನ.

ಮೂರನೆಯದು ಎಲ್ಲಕ್ಕಿಂತ ಸೋಜಿಗದ್ದು. ಸಾಮಾನ್ಯ ಲೋಹ ಕಲ್ಲುಸಕ್ಕರೆಯ ಗಟ್ಟಿಯ ಹಾಗೆ ಅಸಂಖ್ಯ ಹರಳುಗಳ ಗುಂಪು. ಬಿಸಿಯಲ್ಲಿ ಬಿರುಕು ಹುಟ್ಟುವುದು ಹರಳಿಗೂ ಹರಳಿಗೂ ನಡುವಿನ ಗಡಿಯಲ್ಲಿ. ಗಡಿಯೇ ಇಲ್ಲದಿದ್ದರೆ? ಇಡೀ ಅಲಗನ್ನು ಒಂದೇ ಹರಳಾಗಿ ಬೆಳೆಸಿದರೆ? ನಮ್ಮ ಶಿಲ್ಪಿಗಳು ಪಂಚಲೋಹದ ವಿಗ್ರಹ ಎರೆಯುವ ಮೇಣದ ಅಚ್ಚಿನ ವಿಧಾನವೇ ಇಲ್ಲಿಯೂ ಬುನಾದಿ. ಮೇಣದಲ್ಲಿ ಅಲಗು ಮಾಡಿ, ಸುತ್ತ ಅಚ್ಚು ಕಟ್ಟಿ, ಮೇಣ ಕರಗಿಸಿ ತೆಗೆದು, ಲೋಹ ಎರೆಯುತ್ತಾರೆ. ಅಚ್ಚಿನ ಬುಡದಲ್ಲಿ ಸುರುಳಿಯಾಕಾರದ ಒಂದು ಇಕ್ಕಟ್ಟಾದ ದಾರಿ ಇರುತ್ತದೆ. ಕೆಳಗಿನಿಂದ ತಣಿಯುತ್ತಾ ಬರುವಾಗ ಅನೇಕ ಹರಳುಗಳು ಹುಟ್ಟಿ ಮೇಲೇಳುತ್ತವೆ. ಆ ಸುರುಳಿಯನ್ನು ದಾಟಿ ಬರುವುದು ಒಂದೇ ಒಂದು. ಅದು ಮೇಲಕ್ಕೆ ಬೆಳೆದು ಇಡೀ ಅಲಗಾಗುತ್ತದೆ. ಅಚ್ಚನ್ನು ಕುಲುಮೆಯಿಂದ ಎಷ್ಟು ನಿಧಾನವಾಗಿ ಇಳಿಸಬೇಕು, ಉಷ್ಣತೆ ಎಷ್ಟೆಷ್ಟಿರಬೇಕು, ಲೋಹಕ್ಕೆ ಯಾವ ಧಾತುವನ್ನು ಎಷ್ಟು ಬೆರೆಸಬೇಕು ಎಂಬುದೇ ಗುಟ್ಟು. ಈ ವಿದ್ಯೆ ಕೈವಶವಾದ ದೇಶಗಳು ಬೆರಳೆಣಿಕೆಯಷ್ಟು. ಅವು ವಿಮಾನ ಮಾರುತ್ತವೆ, ಎಂಜಿನ್ನನ್ನೂ ಮಾರುತ್ತವೆ. ಈ ಗುಟ್ಟನ್ನು ಮಾರುವುದಿಲ್ಲ. ಹೈದರಾಬಾದಿನ ರಕ್ಷಣಾ ಲೋಹಶಾಸ್ತ್ರ ಪ್ರಯೋಗಾಲಯ ಇದನ್ನು ಸ್ವಂತ ಶ್ರಮದಿಂದ ಸಾಧಿಸಿ, ಹೆಲಿಕಾಪ್ಟರ್ ಎಂಜಿನ್ನಿಗಾಗಿ 60 ಏಕಹರಳಿನ ಅಲಗುಗಳನ್ನು ಎಚ್.ಎ.ಎಲ್.ಗೆ ಒಪ್ಪಿಸಿದ ಸುದ್ದಿ ಬಂದದ್ದು 2021ರಲ್ಲಿ.

ಮರುತ್ ಮತ್ತು ಕಾವೇರಿ

ಈಗ ಮೊದಲಿನ ಪ್ರಶ್ನೆಗೆ ಬರೋಣ. 1956ರಲ್ಲಿ ಜರ್ಮನಿಯ ಪ್ರಸಿದ್ಧ ವಿಮಾನ ವಿನ್ಯಾಸಕ ಕುರ್ಟ್ ಟಾಂಕ್ ಬೆಂಗಳೂರಿಗೆ ಬಂದರು. ಅವರೂ ನಮ್ಮ ಎಂಜಿನಿಯರುಗಳೂ ಸೇರಿ ಮರುತ್‌ನ ಮೈಯನ್ನು ರೂಪಿಸಿದರು. 1959ರಲ್ಲಿ ಅದೇ ಅಳತೆಯ, ಎಂಜಿನ್ ಇಲ್ಲದ ಮರದ ಗ್ಲೈಡರನ್ನು ಹಾರಿಸಿ ಪರೀಕ್ಷಿಸಿದರು. ಬ್ರಿಟನ್ನಿನ ಆರ್ಫಿಯಸ್ ಎಂಜಿನ್ನಿನ ಹೆಚ್ಚು ಬಲದ, ಬಾಲದಲ್ಲಿ ಬೆಂಕಿಯುಳ್ಳ ಮಾದರಿಯೊಂದನ್ನು ನಂಬಿ ಈ ವಿನ್ಯಾಸ ಮಾಡಲಾಗಿತ್ತು. ಆ ಮಾದರಿಯ ಅಭಿವೃದ್ಧಿಗೆ ಬೇಕಾದ ಹಣ ಒದಗಲಿಲ್ಲ, ಅದು ಕೈಬಿಟ್ಟುಹೋಯಿತು. ಕೊನೆಗೆ ಬಾಲದ ಬೆಂಕಿಯಿಲ್ಲದ ಸಾಧಾರಣ ಆರ್ಫಿಯಸ್ ಎಂಜಿನ್ನುಗಳು ಎರಡನ್ನು ಇಟ್ಟು ಹಾರಿಸಬೇಕಾಯಿತು. ಈಜಿಪ್ಟ್ ಆಗ ತಯಾರಿಸುತ್ತಿದ್ದ ಎಂಜಿನ್ನನ್ನು ಅಳವಡಿಸುವ ಯತ್ನವೂ ನಡೆದು ನಿಂತುಹೋಯಿತು.

ಮರುತ್‌ನ ಮೊದಲ ಹಾರಾಟ ನಡೆಸಿದವರು ಸುರಂಜನ್ ದಾಸ್. ಆರ್ಫಿಯಸ್‌ಗೆ ಬಾಲದ ಬೆಂಕಿಯನ್ನು ನಾವೇ ಜೋಡಿಸೋಣ ಎಂದು ಬೆಂಗಳೂರಿನಲ್ಲಿ ಪ್ರಯತ್ನ ನಡೆಯಿತು. ಹಾಗೆ ಜೋಡಿಸಿದ ಮರುತ್ ಒಂದನ್ನು ಪರೀಕ್ಷಿಸುತ್ತಿದ್ದಾಗ, 1970ರ ಜನವರಿ 10ರಂದು, ಅದು ಅಪಘಾತಕ್ಕೀಡಾಗಿ ದಾಸ್ ತೀರಿಕೊಂಡರು. ಬೆಂಗಳೂರಿನಲ್ಲಿ ಎಚ್.ಎ.ಎಲ್. ಬಳಿಯ ರಸ್ತೆಗೆ ಇರುವ ಹೆಸರು ಅವರದೇ. ದಿನವೂ ಆ ಬಸ್ ನಿಲ್ದಾಣದಲ್ಲಿ ಇಳಿಯುವವರಲ್ಲಿ ಎಷ್ಟು ಮಂದಿಗೆ ಇದು ಗೊತ್ತಿದೆಯೋ! 1971ರ ಯುದ್ಧದಲ್ಲಿ ಮರುತ್ ರಾಜಸ್ಥಾನದ ಗಡಿಯಲ್ಲಿ ನೆಲದಾಳಿಯ ಕೆಲಸವನ್ನು ಚೆನ್ನಾಗಿ ನಿರ್ವಹಿಸಿತು. ಗುಂಡೇಟು ತಗಲಿ ಒಂದು ಎಂಜಿನ್ ನಿಂತರೂ ಇನ್ನೊಂದರ ಬಲದಿಂದ ಮರಳಿದ ವಿಮಾನಗಳೂ ಇದ್ದವು. ಒಟ್ಟು 147 ಮರುತ್‌ಗಳು ತಯಾರಾದವು. 1990ರ ವೇಳೆಗೆ ಅವೆಲ್ಲ ಸೇವೆಯಿಂದ ಹೊರಬಂದವು.

ಈ ಪಾಠವನ್ನು ನೆನಪಿಟ್ಟೇ ತೇಜಸ್‌ಗಾಗಿ ಸ್ವಂತ ಎಂಜಿನ್ ಮಾಡಲು ಹೊರಟದ್ದು. ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆಗೆ 1989ರಲ್ಲಿ ಅನುಮತಿ ದೊರೆಯಿತು. ಎಂಜಿನ್ನಿಗೆ ನಮ್ಮ ನದಿಯ ಹೆಸರನ್ನೇ ಇಟ್ಟರು: ಕಾವೇರಿ. ಗುರಿ 81 ಕಿಲೋನ್ಯೂಟನ್ ನೂಕುಬಲ. 1996ರಲ್ಲಿ ಮಾದರಿ ಎಂಜಿನ್ ಪರೀಕ್ಷಾ ಮಂಚದ ಮೇಲೆ ತಿರುಗಿತು. ಆದರೆ ತೂಕ ಹೆಚ್ಚಾಯಿತು, ಬಲ ಸಾಲದಾಯಿತು. 2004ರಲ್ಲಿ ರಷ್ಯದಲ್ಲಿ ನಡೆದ ಎತ್ತರದ ಪರೀಕ್ಷೆಯಲ್ಲಿ ಸೋತಿತು. 2008ರಲ್ಲಿ ಅದನ್ನು ತೇಜಸ್‌ನಿಂದ ಬೇರ್ಪಡಿಸಿದರು. ಆದರೂ ಕೆಲಸ ನಿಲ್ಲಲಿಲ್ಲ. 2010ರಲ್ಲಿ ರಷ್ಯದಲ್ಲಿ ದೊಡ್ಡ ಸಾಗಣೆ ವಿಮಾನವೊಂದರ ರೆಕ್ಕೆಗೆ ತೂಗುಹಾಕಿ ಅದನ್ನು ಆಕಾಶದಲ್ಲಿ ನಡೆಸಿ ನೋಡಿದರು. ಬಾಲದ ಬೆಂಕಿಯಿಲ್ಲದ ಅದರ ರೂಪವನ್ನು ಪೈಲಟ್‌ರಹಿತ ವಿಮಾನಕ್ಕಾಗಿ ಮುಂದುವರಿಸಲಾಗಿದೆ.

ಇದರ ಪರಿಣಾಮ ಏನೆಂಬುದು ಇತ್ತೀಚೆಗೆ ಮತ್ತೆ ಕಂಡಿತು. ತೇಜಸ್‌ನ ಹೊಸ ಮಾದರಿಗಾಗಿ 2021ರಲ್ಲಿ ಅಮೆರಿಕದ ಕಂಪನಿಗೆ 99 ಎಂಜಿನ್ನುಗಳ ಬೇಡಿಕೆ ಸಲ್ಲಿಸಲಾಯಿತು. ಅದರಲ್ಲಿ ಮೊದಲನೆಯದು ಕೈಗೆ ಬಂದದ್ದು 2025ರ ಮಾರ್ಚ್‌ನಲ್ಲಿ. ಅಷ್ಟು ಕಾಲ ಇಲ್ಲಿ ಮೈ ಸಿದ್ಧವಾಗುತ್ತಿತ್ತು, ಎಂಜಿನ್ನಿಗಾಗಿ ಕಾಯುತ್ತಿತ್ತು. ಮರುತ್‌ನ ಕಾಲದ ಕಷ್ಟವೇ ಬೇರೆ ರೂಪದಲ್ಲಿ.

ನಿಮ್ಮ ಪಾಲಿನ ಕೆಲಸ

ಸೋಲಿನ ಈ ಪಟ್ಟಿಯನ್ನು ನಿಮ್ಮ ಮುಂದಿಟ್ಟದ್ದು ನಿರಾಶೆ ಹುಟ್ಟಿಸಲು ಅಲ್ಲ. ವ್ಹಿಟಲ್‌ನ ಪೇಟೆಂಟ್ ರದ್ದಾದ ದಿನ ಅವನ ಕಥೆಯೂ ಹೀಗೆಯೇ ಕಾಣುತ್ತಿತ್ತು. ಜೆಟ್ ಎಂಜಿನ್ ಒಬ್ಬ ಜಾಣನ ಕೈಯಿಂದ ಆಗುವ ಕೆಲಸವಲ್ಲ. ಲೋಹಶಾಸ್ತ್ರ, ರಸಾಯನಶಾಸ್ತ್ರ, ಗಾಳಿಯ ಹರಿವಿನ ಗಣಿತ, ಅಚ್ಚು ಎರೆಯುವ ಕುಶಲಿಯ ಕೈ, ಅಳತೆ ಮಾಡುವವನ ತಾಳ್ಮೆ, ಇವೆಲ್ಲ ಒಂದೇ ದಂಡದ ಮೇಲೆ ತಿರುಗಬೇಕು. ಮುರಿದ ಅಲಗನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಏಕೆ ಮುರಿಯಿತು ಎಂದು ಬರೆದಿಡುವವನು ಹಾರುವ ಪೈಲಟ್‌ನಷ್ಟೇ ಮುಖ್ಯ. ಆ ಬರಹ ಕಳೆದುಹೋದರೆ ಮುಂದಿನವರು ಮೊದಲಿನಿಂದ ಶುರುಮಾಡಬೇಕು.

ಯುದ್ಧ ಯಾರಿಗೂ ಬೇಡ. ಆದರೆ ಈ ವಿದ್ಯೆ ಯುದ್ಧಕ್ಕಷ್ಟೇ ಸೀಮಿತವೂ ಅಲ್ಲ. ಪ್ರಯಾಣಿಕ ವಿಮಾನವನ್ನು ಒಯ್ಯುವುದು ಇದೇ ಟರ್ಬೈನ್. ಯಲಹಂಕದ ಅನಿಲ ವಿದ್ಯುತ್ ಸ್ಥಾವರದಲ್ಲಿ ತಿರುಗುವುದೂ ಇದೇ ತತ್ವ. ಬಿಸಿಯಲ್ಲಿ ಬಾಳುವ ಲೋಹ ಮಾಡಬಲ್ಲವರು ದೇಶದ ಎಷ್ಟೋ ಕೆಲಸಗಳಿಗೆ ಬೇಕು. ಎಂಜಿನಿಯರಿಂಗ್ ಎಂದರೆ ಗಣಕವೊಂದೇ ಎಂದು ತಿಳಿದಿರುವ ನಿಮ್ಮಲ್ಲಿ ಕೆಲವರಾದರೂ ಲೋಹಶಾಸ್ತ್ರದ ಪುಸ್ತಕವನ್ನು ಒಮ್ಮೆ ತೆರೆದು ನೋಡಿದರೆ ಈ ಭಾಷಣ ಸಾರ್ಥಕ.

ಕೊನೆಯಲ್ಲಿ ಮೂರು ಪ್ರಶ್ನೆಗಳು. ಉತ್ತರ ಈ ಪುಟಗಳಲ್ಲೇ ಅಡಗಿದೆ.

1. ವಿಮಾನದ ವೇಗವೂ ಸೆಕೆಂಡಿಗೆ 300 ಮೀಟರ್ ಇದ್ದಾಗ, ನಮ್ಮ ಲೆಕ್ಕದ ಎಂಜಿನ್ ಅಷ್ಟೇ ಗಾಳಿಯನ್ನು 800 ಮೀಟರ್ ವೇಗದಲ್ಲಿ ಎಸೆದರೆ ನೂಕುಬಲ ಎಷ್ಟು?

2. ಚಂದ್ರನ ಮೇಲೆ ರಾಕೆಟ್ ಏರಬಲ್ಲದು, ಜೆಟ್ ವಿಮಾನ ಏರಲಾರದು. ಏಕೆ?

3. ಟರ್ಬೈನ್ ಅಲಗಿನ ತಿರುಗುವ ವೇಗವನ್ನು ಎರಡು ಪಟ್ಟು ಮಾಡಿದರೆ ಅದನ್ನು ಕೀಳುವ ಬಲ ಎಷ್ಟು ಪಟ್ಟಾಗುತ್ತದೆ?

ಉತ್ತರಗಳನ್ನು ನಿಮ್ಮ ವಿಜ್ಞಾನದ ಅಧ್ಯಾಪಕರಿಗೆ ತೋರಿಸಿ, ಅವರೊಡನೆ ಚರ್ಚಿಸಿ.